ಸಿಂಕ್ ಕೆಳಗೆ ಸೋರಿಕೆ, ರಾತ್ರಿ ತಾನಾಗಿ ಓಡುವ ಪಂಪ್: ಒಂದು ಮನೆಯ ಪ್ರಕರಣ

ಬೆಂಗಳೂರಿನ ಹೊರವಲಯದಲ್ಲಿರುವ ಎರಡು ಅಂತಸ್ತಿನ ಮನೆ. ಕೆಳಗೆ ಬಾಡಿಗೆಯವರು, ಮೇಲೆ ಮಾಲೀಕರು. ವಯಸ್ಸಾದ ಗಂಡ ಹೆಂಡತಿ, ಜೊತೆಗೆ ಕೆಲಸಕ್ಕೆ ಹೋಗುವ ಮಗಳು. ಹೆಸರು, ಬಡಾವಣೆ ಹೇಳುವುದಿಲ್ಲ, ಅದರ ಅಗತ್ಯವೂ ಇಲ್ಲ. ನಾನು ಕಟ್ಟಡಗಳ ನಿರ್ವಹಣೆ ಕೆಲಸ ನೋಡಿಕೊಳ್ಳುವವನು, ಅವರಿಗೆ ಪರಿಚಯದವನು. ಸಿಂಕ್ ಕೆಳಗಿನ ಸೋರಿಕೆಗೆ ಹಲವರು ಕೈಹಾಕಿಯೂ ಅದು ನಿಲ್ಲದೆ ಹೋದಾಗ ಬಂದು ನೋಡಿ ಎಂದು ಕರೆದರು. ಈ ಪ್ರಕರಣವನ್ನು ವಿವರವಾಗಿ ಬರೆಯಲು ಕಾರಣ ಇದೆ. ಇಂಥ ಸೋರಿಕೆ ಎಷ್ಟೋ ಮನೆಗಳಲ್ಲಿದೆ, ಮತ್ತು ಹೆಚ್ಚಿನ ಕಡೆ ಅದನ್ನು ಸರಿಮಾಡಲು ಹೋದವರೇ ಅದನ್ನು ಇನ್ನಷ್ಟು ಕೆಡಿಸಿರುತ್ತಾರೆ.

ಮನೆಗೆ ಕಾವೇರಿ ನೀರು ಬರುತ್ತದೆ, ಸಾಲದಿದ್ದಾಗ ಬೋರ್‌ವೆಲ್ ನೀರು. ಎರಡೂ ನೆಲದಡಿಯ ಸಂಪ್ ತೊಟ್ಟಿಗೆ ಬಿದ್ದು ಅಲ್ಲಿಂದ ತಾರಸಿಯ ಟ್ಯಾಂಕಿಗೆ ಏರುತ್ತವೆ. ಮೇಲಿನ ಮಹಡಿಯ ಅಡುಗೆಮನೆ ನಲ್ಲಿಗೂ ಟ್ಯಾಂಕಿಗೂ ಎತ್ತರದ ಅಂತರ ಸುಮಾರು 3 ಮೀಟರ್. ನೀರಿನ ಲೆಕ್ಕದಲ್ಲಿ 10 ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ 1 ಬಾರ್ ಒತ್ತಡ, ಹಾಗಾಗಿ ಈ ಅಡುಗೆಮನೆಗೆ ಸಿಗುತ್ತಿದ್ದದ್ದು ಬರೀ 0.3 ಬಾರ್. ಸಿಂಕಿನ ನಲ್ಲಿಗೆ ಅಷ್ಟು ಸಾಕು, ಆದರೆ ಬಚ್ಚಲಿನ ಶವರ್‌ಗೆ ಸಾಲುವುದಿಲ್ಲ. ಮಗಳು ತಾರಸಿಯ ಮೇಲೆ ಒಂದು ಪ್ರೆಷರ್ ಪಂಪ್ ಹಾಕಿಸಿದರು. ಅದು ಲೈನಿನ ಒತ್ತಡ ಸುಮಾರು 1.5 ಬಾರ್‌ಗೆ ಇಳಿದರೆ ಓಡುತ್ತದೆ, 2 ಬಾರ್ ದಾಟಿದ ಮೇಲೆ ನಿಲ್ಲುತ್ತದೆ. ಶವರ್ ಚೆನ್ನಾಗಿ ಬರತೊಡಗಿತು. ಅದೇ ಹೊತ್ತಿಗೆ ಅಡುಗೆಮನೆಯ ಹಳೆಯ ನಲ್ಲಿ ತೆಗೆಸಿ ಉದ್ದ ಕತ್ತಿನ ಹೊಸ ನಲ್ಲಿಯನ್ನೂ ಹಾಕಿಸಿದರು.

ಕೆಲವು ತಿಂಗಳು ಕಳೆದ ಮೇಲೆ ಎರಡು ತೊಂದರೆ ಶುರುವಾದವು, ಆದರೆ ಇವೆರಡಕ್ಕೂ ಸಂಬಂಧ ಇದೆ ಎಂದು ಯಾರಿಗೂ ಹೊಳೆಯಲಿಲ್ಲ. ಒಂದು, ಸಿಂಕ್ ಕೆಳಗಿನ ಕಪಾಟಿನ ತಳದ ಹಲಗೆ ಒದ್ದೆಯಾಗಿ ಊದಿಕೊಂಡಿತು. ಇನ್ನೊಂದು, ರಾತ್ರಿ ಎಲ್ಲರೂ ಮಲಗಿ ಎಲ್ಲಾ ನಲ್ಲಿ ಬಂದ್ ಇರುವಾಗ ತಾರಸಿಯ ಪಂಪ್ ತಾನಾಗಿ ಒಂದೆರಡು ಸೆಕೆಂಡು ಗುರ್ರೆಂದು ಓಡಿ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗುರ್ರೆನ್ನುತ್ತಿತ್ತು. ಮನೆಯೊಡತಿಗೆ ನಿದ್ದೆ ಕಡಿಮೆ, ಅವರು ಈ ಸದ್ದು ಕೇಳುತ್ತಾ ಮಲಗಿರುತ್ತಿದ್ದರು.

ಪಂಪ್ ರಿಪೇರಿಯವರು ಬಂದರು. ಪ್ರೆಷರ್ ಸ್ವಿಚ್ ಹೋಗಿದೆ, ಬದಲಿಸಬೇಕು, 2,500 ರೂಪಾಯಿ ಆಗುತ್ತದೆ ಎಂದರು. ಕಪಾಟಿನ ಒದ್ದೆಗೆ ಬೇರೆ ಪ್ಲಂಬರ್ ಬಂದರು. ಅವರು ಕೈ ಒಳಗೆ ಹಾಕಿ ತಡವಿ ನೋಡಿದರು. ಆಂಗಲ್ ಕಾಕ್‌ನಿಂದ, ಅಂದರೆ ಗೋಡೆಯಿಂದ ಬರುವ ನೀರನ್ನು ಮುಚ್ಚಿ ತೆರೆಯುವ ಸಣ್ಣ ವಾಲ್ವ್‌ನಿಂದ, ನಲ್ಲಿಗೆ ಹೋಗುವ ಕನೆಕ್ಷನ್ ಪೈಪಿನ ನಟ್ ಹತ್ತಿರ ಹನಿ ಸಿಕ್ಕಿತು. ನಟ್ ಬಿಚ್ಚಿದರು, ಆಂಗಲ್ ಕಾಕ್‌ನ ಮರೆಗೆ (ನಟ್ ತಿರುಗಿ ಕೂರುವ ತಿರುಪಿನ ಗೆರೆಗಳಿಗೆ) ದಪ್ಪವಾಗಿ ಟೆಫ್ಲಾನ್ ಟೇಪ್ ಸುತ್ತಿದರು, ಸ್ಪ್ಯಾನರ್ ಹಿಡಿದು ಶಕ್ತಿ ಇದ್ದಷ್ಟು ಬಿಗಿ ಮಾಡಿದರು. ಒಂದೆರಡು ದಿನ ಒಣಗಿದ ಹಾಗೆ ಕಂಡಿತು, ಆಮೇಲೆ ಮತ್ತೆ ಒದ್ದೆ. ಮತ್ತೆ ಬಂದರು, ಇನ್ನಷ್ಟು ಬಿಗಿ ಮಾಡಿದರು, ನಟ್ ಸುತ್ತ ಎಪಾಕ್ಸಿ ಪೇಸ್ಟ್ ಮೆತ್ತಿದರು. ಅದೂ ನಿಲ್ಲಲಿಲ್ಲ. ಬೇಸತ್ತ ಮನೆಯವರು ಒಂದು ಮಗ್ ಇಟ್ಟುಬಿಟ್ಟರು. ಬೆಳಗ್ಗೆ ಅದು ಮುಕ್ಕಾಲು ತುಂಬಿರುತ್ತಿತ್ತು.

ನಾನು ಹೋದಾಗ ಮಗಳು ಕೇಳಿದ್ದು, ಹೊಸ ಪೈಪ್ ತಂದಿಟ್ಟಿದ್ದೇನೆ, ಬದಲಿಸಿಬಿಡ್ತೀರಾ ಎಂದು. ಬದಲಿಸುವುದು ಹದಿನೈದು ನಿಮಿಷದ ಕೆಲಸ. ಆದರೆ ಈಗಾಗಲೇ ಹನಿ ಕಂಡ ಜಾಗಕ್ಕೇ ಎಲ್ಲರೂ ಮದ್ದು ಮಾಡಿದ್ದರು. ಸಿಂಕ್ ಕೆಳಗೆ ನೀರು ಹುಟ್ಟುವುದು ಒಂದು ಕಡೆ, ಕಾಣುವುದು ಇನ್ನೊಂದು ಕಡೆ. ಮೇಲೆ ಜಿನುಗಿದ ನೀರು ಪೈಪಿನ ಮೈ ಹಿಡಿದು ಇಳಿದು, ತಗ್ಗಿನಲ್ಲಿರುವ ನಟ್ ಮೇಲೆ ಹನಿಯಾಗಿ ಕೂರುತ್ತದೆ. ಕೈಗೆ ಸಿಗುವುದು ಆ ಹನಿ. ಹಾಗಾಗಿ ಅವತ್ತು ಸ್ಪ್ಯಾನರ್ ಮುಟ್ಟುವುದು ಬೇಡ, ಮೊದಲು ಜಾಗ ಹುಡುಕೋಣ ಎಂದೆ.

ಮೊದಲ ಪ್ರಶ್ನೆ: ಇದು ಬರುವ ನೀರೋ, ಹೋಗುವ ನೀರೋ? ಸಿಂಕಿನ ತೂತು ಮುಚ್ಚಿ ನೀರು ತುಂಬಿಸಿ ಒಮ್ಮೆಲೇ ಬಿಟ್ಟೆವು. ವೇಸ್ಟ್ ಪೈಪಿನ ಪ್ರತಿ ಜೋಡಣೆಗೂ ಒಣ ಟಿಶ್ಯೂ ಒತ್ತಿ ನೋಡಿದೆವು. ಎಲ್ಲಾ ಒಣಗಿತ್ತು. ಅಲ್ಲದೆ ಸಿಂಕ್ ಬಳಸದ ರಾತ್ರಿಯಲ್ಲೂ ಮಗ್ ತುಂಬುತ್ತಿತ್ತು ಅಲ್ವಾ. ಹೋಗುವ ನೀರು ಬಳಸಿದಾಗ ಮಾತ್ರ ಸೋರುತ್ತದೆ, ಬರುವ ನೀರು ಇಡೀ ದಿನ ಸೋರುತ್ತದೆ. ಇದು ಬರುವ ನೀರೇ.

ಎರಡನೇ ಪ್ರಶ್ನೆ ಸುಲಭದ್ದಲ್ಲ: ಆಂಗಲ್ ಕಾಕ್‌ನ ಆಚೆಯೋ, ಈಚೆಯೋ? ಇಲ್ಲಿ ಆ ರಾತ್ರಿಯ ಪಂಪ್ ನಮಗೆ ಬಹಳ ಸಹಾಯ ಮಾಡಿತು. ಪಂಪಿನ ಮುಂದೆ ನೀರು ಹಿಂದೆ ಹೋಗದಂತೆ ತಡೆಯುವ ವಾಲ್ವ್ ಇರುತ್ತದೆ. ಮನೆಯ ಎಲ್ಲಾ ನಲ್ಲಿ ಮುಚ್ಚಿದ್ದು, ಎಲ್ಲೂ ಸೋರಿಕೆ ಇಲ್ಲದಿದ್ದರೆ ಲೈನಿನಲ್ಲಿ ಒತ್ತಡ ಹಾಗೇ ನಿಲ್ಲಬೇಕು, ಪಂಪ್ ಸುಮ್ನೆ ಇರಬೇಕು. ಅದು ಆಗಾಗ ಓಡುತ್ತಿದೆ ಎಂದರೆ ಎಲ್ಲೋ ನೀರು ಹೋಗುತ್ತಿದೆ, ಒತ್ತಡ ಇಳಿಯುತ್ತಿದೆ ಎಂದರ್ಥ. ಹಾಗಾದರೆ ಒಂದು ಓಟದಿಂದ ಇನ್ನೊಂದು ಓಟಕ್ಕೆ ಎಷ್ಟು ಹೊತ್ತು ಎಂದು ಅಳೆದರೆ ಸೋರಿಕೆಯ ಪ್ರಮಾಣ ಗೊತ್ತಾಗುತ್ತದೆ. ಬೇರೆ ಉಪಕರಣ ಬೇಕಾಗಿಲ್ಲ, ಗಡಿಯಾರ ಸಾಕು.

ಆರ್‌ಒ ಫಿಲ್ಟರಿಗೆ ಹೋಗುವ ಸಣ್ಣ ವಾಲ್ವ್ ಮುಚ್ಚಿದೆವು, ಯಾಕೆಂದರೆ ಅದು ತನ್ನ ಟ್ಯಾಂಕ್ ತುಂಬಲು ತಾನೇ ನೀರು ಎಳೆಯುತ್ತದೆ, ಲೆಕ್ಕ ತಪ್ಪುತ್ತದೆ. ವಾಷಿಂಗ್ ಮಷೀನಿನ ನಲ್ಲಿಯೂ ಬಂದ್. ಕೂತು ನೋಡಿದರೆ ಪಂಪ್ ಸುಮಾರು 12 ನಿಮಿಷಕ್ಕೊಮ್ಮೆ ಓಡುತ್ತಿತ್ತು. ಆಮೇಲೆ ಸಿಂಕ್ ಕೆಳಗಿನ ಆಂಗಲ್ ಕಾಕ್ ಪೂರ್ತಿ ಮುಚ್ಚಿ ಮತ್ತೆ ಕಾದೆವು. ಈಗ ಪಂಪ್ ನಿಂತೇಬಿಡುತ್ತದೆ ಎಂದು ಮನೆಯವರು ಅಂದುಕೊಂಡಿದ್ದರು. ಆದರೆ ಸುಮಾರು 40 ನಿಮಿಷದ ನಂತರ ಮತ್ತೆ ಗುರ್ರೆಂದಿತು. ಕೊನೆಗೆ ತಾರಸಿಗೆ ಹೋಗಿ ಅಡುಗೆಮನೆ ಲೈನಿನ ಗೇಟ್ ವಾಲ್ವ್ ಒಂದನ್ನೇ ಮುಚ್ಚಿದೆವು. ಬಚ್ಚಲಿನ ಲೈನ್, ಕಮೋಡಿನ ಫ್ಲಶ್ ಟ್ಯಾಂಕ್ ಎಲ್ಲಾ ತೆರೆದೇ ಇದ್ದವು. ಪಂಪ್ ಮೌನವಾಯಿತು, ಮತ್ತೆ ಓಡಲೇ ಇಲ್ಲ.

ಈ ಮೂರು ಅಳತೆ ಇಡೀ ಕಥೆ ಹೇಳಿಬಿಟ್ಟವು. ಪಂಪಿಗೆ ಯಾವ ರೋಗವೂ ಇಲ್ಲ. ಫ್ಲಶ್ ಟ್ಯಾಂಕಿನಲ್ಲೂ ಸೋರಿಕೆ ಇಲ್ಲ. ಅಡುಗೆಮನೆಯಲ್ಲಿ ಸೋರಿಕೆ ಒಂದಲ್ಲ, ಎರಡು. ದೊಡ್ಡದು ಆಂಗಲ್ ಕಾಕ್‌ನಿಂದ ನಲ್ಲಿಯವರೆಗಿನ ಭಾಗದಲ್ಲಿ, ಸಣ್ಣದು ಆಂಗಲ್ ಕಾಕ್‌ಗಿಂತ ಹಿಂದೆ, ಗೋಡೆಯ ಕಡೆ. ಹಿಂದೆ ಬಂದವರು ಯಾಕೆ ಸೋತರು ಎನ್ನುವುದೂ ಇಲ್ಲೇ ಗೊತ್ತಾಯಿತು. ಅವರು ದೊಡ್ಡದನ್ನು ಪೂರ್ತಿ ಸರಿಮಾಡಿದ್ದರೂ ಹಲಗೆ ಒದ್ದೆಯಾಗಿಯೇ ಇರುತ್ತಿತ್ತು, ಅವರ ಕೆಲಸ ಸರಿಯಾಗಿಲ್ಲ ಎಂದೇ ಅನಿಸುತ್ತಿತ್ತು.

ದೊಡ್ಡದನ್ನು ಮೊದಲು ತೆಗೆದುಕೊಂಡೆವು. ಗೇಟ್ ವಾಲ್ವ್ ಮುಚ್ಚಿದ ಹಾಗೇ ಇಟ್ಟು, ಸಿಂಕಿನ ನಲ್ಲಿ ತೆರೆದು ಒತ್ತಡ ಇಳಿಸಿ, ಎಪಾಕ್ಸಿ ಕೆತ್ತಿ ತೆಗೆದೆ. ಆಂಗಲ್ ಕಾಕ್ ತಿರುಗದ ಹಾಗೆ ಒಂದು ಸ್ಪ್ಯಾನರಿನಲ್ಲಿ ಹಿಡಿದು, ಇನ್ನೊಂದರಲ್ಲಿ ನಟ್ ಬಿಚ್ಚಿದೆ. ನಟ್ ಜೊತೆ ಟೇಪ್ ಎಳೆ ಎಳೆಯಾಗಿ ಹೊರಗೆ ಬಂತು, ಒಂದು ಹಿಡಿ ಬಿಳಿ ದಾರ. ನಟ್ ಒಳಗಿನ ರಬ್ಬರ್ ವಾಷರನ್ನು ಬೆರಳ ತುದಿಯಲ್ಲಿ ತೆಗೆದು ಬೆಳಕಿಗೆ ಹಿಡಿದೆ. ಒಂದು ಬದಿಯಲ್ಲಿ ಆಂಗಲ್ ಕಾಕ್‌ನ ಅಂಚು ಆಳವಾಗಿ ಕೊರೆದು ರಬ್ಬರ್ ಸೀಳಿತ್ತು. ಇನ್ನೊಂದು ಬದಿಯಲ್ಲಿ ಗುರುತೇ ಇರಲಿಲ್ಲ, ಅಂಗಡಿಯಿಂದ ತಂದ ಹಾಗೇ ನುಣುಪು. ಅಂದರೆ ಅಷ್ಟು ಬಿಗಿ ಮಾಡಿದ ಮೇಲೂ ವಾಷರಿನ ಅರ್ಧ ಭಾಗ ಅಂಚಿಗೆ ತಾಗಿಯೇ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಕನೆಕ್ಷನ್ ಪೈಪಿನ ನಟ್‌ನಲ್ಲಿ ನೀರು ತಡೆಯುವುದು ಮರೆ ಅಲ್ಲ, ವಾಷರ್. ಆಂಗಲ್ ಕಾಕ್‌ನ ಚಪ್ಪಟೆ ಅಂಚು ವಾಷರಿನ ಮೇಲೆ ಸಮವಾಗಿ ಕೂತರೆ ಸಾಕು, ಮರೆಯ ಕೆಲಸ ಬರೀ ಒತ್ತಿ ಹಿಡಿಯುವುದು. ಅಲ್ಲಿ ಟೇಪ್ ಬೇಕಾಗಿಲ್ಲ. ಬೇಡದ ಕಡೆ ದಪ್ಪವಾಗಿ ಸುತ್ತಿದರೆ ನಟ್ ಆ ಟೇಪಿನಲ್ಲೇ ಸಿಕ್ಕಿಕೊಂಡು ಬಿಗಿಯಾಗುತ್ತದೆ, ಕೈಗೆ ಗಟ್ಟಿ ಅನಿಸುತ್ತದೆ, ಆದರೆ ವಾಷರ್ ಇನ್ನೂ ಪೂರ್ತಿ ಒತ್ತಿರುವುದಿಲ್ಲ. ಇನ್ನೂ ಬಲ ಹಾಕಿದರೆ ನಟ್ ಓರೆಯಾಗಿ ಏರಿ ಒಂದೇ ಬದಿ ಕೊರೆಯುತ್ತದೆ. ಟೇಪ್ ಬೇಕಾಗುವುದು ಮರೆಯೇ ನೀರು ತಡೆಯಬೇಕಾದ ಕಡೆ, ಅಂದರೆ ಆಂಗಲ್ ಕಾಕ್ ಗೋಡೆಯೊಳಗೆ ಹೋಗುವ ಕಡೆ.

ನಟ್ ಓರೆಯಾಗಲು ಇನ್ನೊಂದು ಕಾರಣವೂ ಇತ್ತು. ಹಾಕಿದ್ದ ಪೈಪ್ 18 ಇಂಚಿನದು. ಹಳೆಯ ನಲ್ಲಿಗೆ ಅದು ಸರಿಯಾಗಿತ್ತು. ಹೊಸ ನಲ್ಲಿಯ ತಳ ಸ್ವಲ್ಪ ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ ಇದ್ದದ್ದರಿಂದ ಪೈಪ್ ಬಿಗಿಯಾಗಿ ಎಳೆದುಕೊಂಡು, ನಟ್ಟನ್ನು ಇಡೀ ದಿನ ಒಂದು ಬದಿಗೆ ಜಗ್ಗುತ್ತಿತ್ತು. ಮಗಳು ತಂದಿಟ್ಟಿದ್ದ ಹೊಸ ಪೈಪೂ 18 ಇಂಚಿನದೇ. ಅದನ್ನೇ ಹಾಕಿದ್ದರೆ ಹೊಸ ವಾಷರಿನ ಬಲದಲ್ಲಿ ಕೆಲವು ವಾರ ನಿಲ್ಲುತ್ತಿತ್ತು, ಆಮೇಲೆ ಮತ್ತೆ ಅದೇ ಕಥೆ. ವಾಪಸ್ ಕೊಟ್ಟು 24 ಇಂಚಿನದು, ಹಿತ್ತಾಳೆ ನಟ್ ಇರುವುದು ತರಿಸಿದೆವು. ಬೆಲೆ 300 ರೂಪಾಯಿಯೊಳಗೆ. ಮೆಲ್ಲಗೆ ಬಾಗಿ ಇಳಿಯುವಷ್ಟು ಸಡಿಲ ಇರಬೇಕು, ಆದರೆ ಮಡಚಿಕೊಳ್ಳುವಷ್ಟು ಉದ್ದ ಆಗಬಾರದು.

ಹಳೆಯ ಪೈಪಿನ ಹೊರಗಿನ ಸ್ಟೀಲ್ ಹೆಣಿಗೆ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಕಂಡವು. ಕಪಾಟಿನ ಮೂಲೆಯಲ್ಲಿ ಬಾಯಿ ತೆರೆದ ಬ್ಲೀಚಿಂಗ್ ಪೌಡರ್ ಪೊಟ್ಟಣ ಇತ್ತು. ಮುಚ್ಚಿದ ಕಪಾಟು, ಒಳಗೆ ತೇವ, ಜೊತೆಗೆ ಕ್ಲೋರಿನ್ ಹಬೆ: ಸ್ಟೇನ್‌ಲೆಸ್ ಎಂದು ಕರೆಸಿಕೊಳ್ಳುವ ಸ್ಟೀಲೂ ಇದನ್ನು ಬಹಳ ಕಾಲ ತಡೆಯುವುದಿಲ್ಲ. ಆ ಹೆಣಿಗೆಯೇ ಒಳಗಿನ ರಬ್ಬರ್ ನಳಿಕೆ ಉಬ್ಬದಂತೆ ಹಿಡಿದಿರುವುದು. ಎಳೆಗಳು ಒಂದೊಂದಾಗಿ ತುಂಡಾದರೆ ಒಂದು ದಿನ ಪೈಪ್ ಒಡೆಯುತ್ತದೆ, ಆಗ ತೊಟ್ಟಿಕ್ಕುವುದಲ್ಲ, ಮನೆ ತುಂಬಾ ನೀರು. ಪೊಟ್ಟಣವನ್ನು ಮುಚ್ಚಳ ಇರುವ ಡಬ್ಬಿಗೆ ಹಾಕಿ ಬಾಲ್ಕನಿಗೆ ಕಳಿಸಿದೆವು.

ಇನ್ನು ಗೋಡೆಯ ಕಡೆ. ಆಂಗಲ್ ಕಾಕ್ ಸುತ್ತ ಇರುವ ದುಂಡು ತಟ್ಟೆಯನ್ನು ಮುಂದಕ್ಕೆ ಎಳೆದರೆ ಹಿಂದೆ ಮರೆಯ ಸುತ್ತ ಬಿಳಿ ಗಟ್ಟಿ ಪದರ, ಮಧ್ಯೆ ಒಂದು ಹಸಿರು ಗೆರೆ. ಗಡಸು ನೀರಿನ ಊರಿನಲ್ಲಿ ಇದು ಒಳ್ಳೆಯ ಸುಳಿವು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪುವ ಮಿತಿ ಎನ್ನುತ್ತದೆ, ಬೇರೆ ನೀರು ಸಿಗದ ಕಡೆ 600ರವರೆಗೆ ಬಿಡುತ್ತದೆ. ಬೋರ್‌ವೆಲ್ ನೀರು ಬೆರೆಯುವ ಮನೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ಒಸರಿ ಒಣಗಿದ ನೀರೂ ಸುಣ್ಣ ಬಿಟ್ಟುಹೋಗುತ್ತದೆ. ಹಸಿರು ಗೆರೆ ಹಿತ್ತಾಳೆಯ ತಾಮ್ರ ಕಿಲುಬು ಹಿಡಿದದ್ದು. ಅಂದರೆ ಈ ಒಸರು ನಿನ್ನೆ ಮೊನ್ನೆಯದಲ್ಲ, ಪಂಪ್ ಬರುವ ಮೊದಲೇ ಸಣ್ಣಗೆ ಇತ್ತು. 0.3 ಬಾರ್‌ನಲ್ಲಿ ಹನಿಯಾಗುವ ಮೊದಲೇ ಆರಿಹೋಗುತ್ತಿದ್ದದ್ದು ಒತ್ತಡ ಐದಾರು ಪಟ್ಟು ಆದ ಮೇಲೆ ಹರಿಯಲು ಶುರುವಾಯಿತು.

ಇಲ್ಲಿ ಒಂದು ನಿರ್ಧಾರ ಮಾಡಬೇಕಿತ್ತು. ಸಂಜೆ ಆಗಿತ್ತು. ಮನೆಯವರಿಗೆ ಇವತ್ತೇ ಮುಗಿದರೆ ಸಾಕು ಎನ್ನುವ ಆತುರ, ಅದು ಸಹಜ. ಆದರೆ ಗೋಡೆಯ ಕಡೆ ಬಿಚ್ಚುವುದು ಬೇರೆಯದೇ ಕೆಲಸ. ಒಳಗೆ ಸಿಪಿವಿಸಿ ಎನ್ನುವ ಪ್ಲಾಸ್ಟಿಕ್ಕಿನ ಎಲ್ಬೋ (ಪೈಪ್ ತಿರುಗುವ ಕಡೆಯ ಮೂಲೆ ಜೋಡಣೆ), ಅದರಲ್ಲಿ ಕೂರಿಸಿದ ಹಿತ್ತಾಳೆ ಮರೆ. ಟೈಲ್ಸ್ ದಪ್ಪ ಆದದ್ದರಿಂದ ಎಲ್ಬೋ ಒಳಗೆ ಉಳಿದು, ಮಧ್ಯೆ ಒಂದು ಎಕ್ಸ್‌ಟೆನ್ಶನ್ ನಿಪ್ಪಲ್, ಅಂದರೆ ಉದ್ದ ಸಾಲಿಸುವ ಮರೆ ಇರುವ ತುಂಡು, ಹಾಕಿದ್ದರು. ಜೋರಾಗಿ ತಿರುಗಿಸಿದರೆ ನಿಪ್ಪಲ್ ಒಳಗೇ ಮುರಿಯಬಹುದು. ಎಲ್ಬೋ ಬಿರುಕು ಬಿಟ್ಟರೆ ಟೈಲ್ಸ್ ಒಡೆಯಬೇಕು. ರಾತ್ರಿ ಹಾರ್ಡ್‌ವೇರ್ ಅಂಗಡಿ ಮುಚ್ಚಿದ ಮೇಲೆ ಹಾಗಾದರೆ ಅಡುಗೆಮನೆಗೆ ನೀರೇ ಇಲ್ಲ. ಗೇಟ್ ವಾಲ್ವ್ ಮುಚ್ಚಿ, ಎರಡು ಬಿಂದಿಗೆ ನೀರು ಹಿಡಿದಿಟ್ಟುಕೊಳ್ಳಿ, ಬೆಳಗ್ಗೆ ಸಾಮಾನು ಕೈಯಲ್ಲಿ ಇಟ್ಟುಕೊಂಡು ಮುಟ್ಟೋಣ ಎಂದೆ. ಆ ರಾತ್ರಿ ಪಂಪ್ ಸದ್ದಿಲ್ಲದೆ ಮಲಗಿತು, ಮನೆಯೊಡತಿಯೂ ಮಲಗಿದರು.

ಬೆಳಗ್ಗೆ ಹಿತ್ತಾಳೆಯ ಎಕ್ಸ್‌ಟೆನ್ಶನ್ ನಿಪ್ಪಲ್ ಎರಡು ಅಳತೆಯಲ್ಲಿ, ಹೊಸ ಆಂಗಲ್ ಕಾಕ್, ಟೇಪ್, ಎಲ್ಬೋ ಮುಚ್ಚಲು ಅರ್ಧ ಇಂಚಿನ ಡಮ್ಮಿ ಎಲ್ಲಾ ತಂದೆವು. ಈ ಡಮ್ಮಿಯ ಬೆಲೆ ತೀರಾ ಕಡಿಮೆ. ಆದರೆ ಅದು ಕೈಯಲ್ಲಿದ್ದರೆ ಕೆಲಸ ಅರ್ಧಕ್ಕೆ ನಿಂತರೂ ಗೋಡೆಯ ಬಾಯಿ ಮುಚ್ಚಿ ಲೈನಿಗೆ ನೀರು ಬಿಡಬಹುದು. ಅಂದುಕೊಂಡ ಹಾಗೇ ಆಯಿತು. ಆಂಗಲ್ ಕಾಕ್ ತಿರುಗಿಸುತ್ತಿದ್ದಂತೆ ನಿಪ್ಪಲ್ ಅರ್ಧಕ್ಕೆ ಮುರಿಯಿತು. ಮುರಿದ ತುಂಡು ನೋಡಿದರೆ ಹಿತ್ತಾಳೆಯೇ ಅಲ್ಲ, ಮೇಲೆ ಹೊಳೆಯುವ ಲೇಪ, ಒಳಗೆ ಬೂದು ಬಣ್ಣದ ಹಗುರ ಲೋಹ. ಬಿರುಕು ಹಳೆಯದು, ಅದರ ಒಳಗೂ ಸುಣ್ಣ ಕೂತಿತ್ತು.

ಒಳಗೆ ಉಳಿದ ತುಂಡು ತೆಗೆಯುವಾಗ ಸುತ್ತಿಗೆ ಹೊಡೆತ ಬೇಡ, ಬೆಂಕಿಯಂತೂ ಬೇಡವೇ ಬೇಡ, ಸಿಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ. ಹ್ಯಾಕ್ಸಾ ಬ್ಲೇಡನ್ನು ಬಟ್ಟೆ ಸುತ್ತಿ ಹಿಡಿದು ತುಂಡಿನ ಒಳಗೋಡೆಯನ್ನು ನಿಧಾನವಾಗಿ ಕೊಯ್ದೆ, ಎಲ್ಬೋದ ಮರೆ ಮುಟ್ಟುವ ಮೊದಲೇ ನಿಲ್ಲಿಸಿದೆ. ಆ ಸೀಳಿಗೆ ಸ್ಕ್ರೂಡ್ರೈವರ್ ಕೊಟ್ಟು ಒಳಕ್ಕೆ ಮಡಚಿದಾಗ ತುಂಡು ಸಡಿಲವಾಗಿ ತಿರುಗಿ ಬಂತು. ಎಲ್ಬೋ ಮರೆ ಹಾಳಾಗಿರಲಿಲ್ಲ. ಇಡೀ ಕೆಲಸದಲ್ಲಿ ನನಗೆ ನಿಜವಾಗಿ ಉಸಿರು ಬಂದದ್ದು ಆಗಲೇ.

ಹೊಸ ನಿಪ್ಪಲ್ಲಿಗೆ ಟೇಪ್ ಸುತ್ತುವಾಗ ದಿಕ್ಕು ಮುಖ್ಯ. ಮರೆಯ ತುದಿ ನಮ್ಮ ಕಡೆ ಇರುವ ಹಾಗೆ ಹಿಡಿದು ಗಡಿಯಾರದ ಮುಳ್ಳಿನ ಕಡೆಗೇ ಸುತ್ತಬೇಕು. ಉಲ್ಟಾ ಸುತ್ತಿದರೆ ತಿರುಗಿಸುವಾಗ ಟೇಪ್ ಬಿಚ್ಚಿಕೊಂಡು ಹೊರಗೆ ಗುಡ್ಡೆಯಾಗುತ್ತದೆ. ನಮ್ಮಲ್ಲಿ ಸಿಗುವ ಟೇಪ್ ತೆಳು, ಹತ್ತು ಹನ್ನೆರಡು ಸುತ್ತು ಹಿಡಿಯುತ್ತದೆ. ಆಂಗಲ್ ಕಾಕ್ ಕೂರಿಸುವಾಗ ಅದರ ಬಾಯಿ ನೇರವಾಗಿ ಮೇಲಕ್ಕೆ ಬರಬೇಕು. ಸ್ವಲ್ಪ ಹೆಚ್ಚು ತಿರುಗಿತು ಎಂದು ಹಿಂದಕ್ಕೆ ತಿರುಗಿಸಿದರೆ ಟೇಪ್ ಕೂತ ಹಿಡಿತ ಬಿಟ್ಟುಹೋಗುತ್ತದೆ, ಆಗ ಪೂರ್ತಿ ಬಿಚ್ಚಿ ಹೊಸ ಟೇಪ್ ಸುತ್ತುವುದೇ ಸರಿ. ಹಾಗೆ ಮಾಡಲು ಬೇಸರ ಪಡಬಾರದು.

ನಲ್ಲಿಗೆ ಪೈಪ್ ಜೋಡಿಸುವ ಮೊದಲು ಆಂಗಲ್ ಕಾಕ್ ಬಾಯಿಗೆ ಪೈಪಿನ ಒಂದು ತುದಿ ಮಾತ್ರ ಹಾಕಿ, ಇನ್ನೊಂದನ್ನು ಬಕೆಟ್ಟಿಗೆ ಬಿಟ್ಟು ನೀರು ಹರಿಸಿದೆವು. ಟೇಪ್ ಚೂರು, ಸುಣ್ಣದ ಪುಡಿ, ಲೋಹದ ರಜ ಎಲ್ಲಾ ಬಕೆಟ್ಟಿಗೆ ಬಂತು. ಇಲ್ಲದಿದ್ದರೆ ಅದು ನಲ್ಲಿಯ ಒಳಗೆ, ಬಾಯಿಯ ಜಾಲರಿಗೆ ಹೋಗಿ ಕೂರುತ್ತಿತ್ತು. ಆಮೇಲೆ ಪೈಪಿನ ನಟ್‌ಗಳನ್ನು ಟೇಪ್ ಇಲ್ಲದೆ ಕೈಯಲ್ಲೇ ಕೊನೆಯವರೆಗೆ ತಿರುಗಿಸಿ, ಸ್ಪ್ಯಾನರಿನಲ್ಲಿ ಕಾಲು ಸುತ್ತು ಕೊಟ್ಟು ನಿಲ್ಲಿಸಿದೆ. ಇಷ್ಟೇ ಸಾಕಾ ಎಂದು ಮನೆಯ ಯಜಮಾನರು ಅನುಮಾನದಿಂದ ಕೇಳಿದರು. ಸೋರಿದರೆ ಇನ್ನೊಂದು ಕಾಲು ಸುತ್ತು ಕೊಡಲು ಜಾಗ ಇದೆ, ಸೀಳಿದ ವಾಷರನ್ನು ಕೂಡಿಸಲು ಆಗುವುದಿಲ್ಲ ಎಂದೆ. ಇನ್ನೊಂದು ಕಾಲು ಸುತ್ತು ಬೇಕಾಗಲೇ ಇಲ್ಲ.

ಪ್ರತಿ ಜೋಡಣೆಗೂ ಒಣ ಟಿಶ್ಯೂ ಸುತ್ತಿ, ಆರ್‌ಒ ಫಿಲ್ಟರಿಗೆ ಲೈನ್ ಕವಲೊಡೆಯುವ ಜೋಡಣೆಗೂ ಸುತ್ತಿ, ಪಂಪ್ ಆನ್ ಮಾಡಿ ಬಿಟ್ಟೆವು. ಸಂಜೆ ನೋಡಿದರೆ ಟಿಶ್ಯೂ ಗರಿಗರಿ. ರಾತ್ರಿ ಪಂಪ್ ಓಡಲಿಲ್ಲ. 2,500 ರೂಪಾಯಿಯ ಸ್ವಿಚ್ ಬದಲಿಸುವ ಮಾತು ಅಲ್ಲಿಗೆ ಮುಗಿಯಿತು. ಊದಿದ ಹಲಗೆಯನ್ನು ಮಾತ್ರ ಉಳಿಸಲಾಗಲಿಲ್ಲ. ಪ್ಲೈವುಡ್ ಪದರ ಬಿಟ್ಟಿತ್ತು, ಕೆಳಗೆ ಜಿರಳೆ ಸೇರಿದ್ದವು. ಅದನ್ನು ತೆಗೆಸಿ, ಕಪಾಟಿನ ಬಾಗಿಲನ್ನು ಒಂದು ವಾರ ತೆರೆದಿಟ್ಟು ಒಣಗಿಸಿ, ಆಮೇಲೆ ಹೊಸದು ಹಾಕಿಸಲು ಹೇಳಿದೆ.

ಈ ಪ್ರಕರಣದಲ್ಲಿ ಯಾರೂ ಬೇಜವಾಬ್ದಾರಿಯಿಂದ ಕೆಲಸ ಮಾಡಿದ್ದಾರೆ ಎಂದು ನನಗೆ ಅನಿಸುವುದಿಲ್ಲ. ಪಂಪಿನವರು ಪಂಪ್ ನೋಡಿದರು, ಪ್ಲಂಬರ್ ಹನಿ ನೋಡಿದರು. ಎರಡನ್ನೂ ಸೇರಿಸಿ ನೋಡುವವರು ಇರಲಿಲ್ಲ. ಪಂಪ್ ಯಾಕೆ ಓಡುತ್ತದೆ ಎಂದು ಕೇಳಿದ್ದರೆ ಸಿಂಕಿನ ಹತ್ತಿರ ಬರುತ್ತಿದ್ದರು. ಸೋರಿಕೆ ಈಗಲೇ ಯಾಕೆ ಶುರುವಾಯಿತು ಎಂದು ಕೇಳಿದ್ದರೆ ಪಂಪಿನ ಹತ್ತಿರ ಹೋಗುತ್ತಿದ್ದರು. ನಾನು ಈಗ ಎಲ್ಲೇ ಇಂಥ ದೂರು ಬಂದರೂ ಮೊದಲು ಕೇಳುವುದು, ಇತ್ತೀಚೆಗೆ ನೀರಿನ ಲೈನಿನಲ್ಲಿ ಏನು ಬದಲಾಯಿತು ಎಂದು. ಹೊಸ ಪಂಪ್, ಹೊಸ ನಲ್ಲಿ, ಹೊಸ ಫಿಲ್ಟರ್, ಟ್ಯಾಂಕ್ ಎತ್ತರಿಸಿದ್ದು, ಏನಾದರೂ ಒಂದು ಇದ್ದೇ ಇರುತ್ತದೆ.

ಪಂಪ್ ಒತ್ತಡ ಹೆಚ್ಚಿಸಿದ್ದು ಸಿಂಕಿಗೆ ಮಾತ್ರ ಅಲ್ಲವಲ್ಲ. ಹಾಗಾಗಿ ಮುಂದಿನ ಭಾನುವಾರ ಮಗಳ ಜೊತೆ ಮನೆಯ ಉಳಿದ ಆಂಗಲ್ ಕಾಕ್‌ಗಳನ್ನೆಲ್ಲಾ ಟಿಶ್ಯೂ ಹಿಡಿದು ನೋಡಿದೆವು. ವಾಷ್ ಬೇಸಿನ್, ಫ್ಲಶ್ ಟ್ಯಾಂಕ್ ಎರಡೂ ಚೆನ್ನಾಗಿದ್ದವು. ಗೀಸರಿಗೆ ಹೋಗುವ ಪೈಪಿನ ಮೇಲೆ ಅದೇ ಕಂದು ಚುಕ್ಕೆ ಇತ್ತು, ಇನ್ನೂ ಸೋರುತ್ತಿರಲಿಲ್ಲ. ಅದನ್ನೂ ಅವತ್ತೇ ಬದಲಿಸಿದೆವು. ಕೆಳಗಿನ ಬಾಡಿಗೆಯವರ ಲೈನ್ ಪಂಪಿಗೆ ಸೇರಿಲ್ಲ, ನೇರ ಟ್ಯಾಂಕಿನದು. ಆದರೂ ಅವರ ಸಿಂಕ್ ಕೆಳಗೆ ಅದೇ ಕಾಲದ ನಿಪ್ಪಲ್ ಇದೆ, ತಟ್ಟೆಯ ಹಿಂದೆ ಬಿಳಿ ಪದರವೂ ಇದೆ. ಮಾಲೀಕರು ಅಂಗಡಿಯಿಂದ ಹಿತ್ತಾಳೆಯ ನಿಪ್ಪಲ್ ಒಂದು ಹೆಚ್ಚಿಗೆ ತಂದಿಟ್ಟಿದ್ದಾರೆ, ಬಾಡಿಗೆಯವರಿಗೆ ಬಿಡುವಾದ ದಿನ ಅದನ್ನೂ ಬದಲಿಸಬೇಕು.